ಹೊತ್ತು ಮುಳುಗುವ ಮೊದಲು ಬಿಚ್ಚಿ ಕಟ್ಟಿದ ಫ್ರೇಮ್

ಏ ಘೋಡಗೇರಿಯವ್ರ, ಹಾಲಿನ ಕ್ಯಾನ್ ಕೆಳಗ ಇಡ್ರಿ, ಗಾಡಿ ಬಂದ್ ಮಾಡ್ರಿ, ಸ್ವಲ್ಪ ಈ ಕಡೆ ಕಿವಿ ಕೊಡ್ರಿ. ಏ ಹುಕ್ಕೇರಿ ದೀಪಾಲಿ, ನೀನೂ ಕೇಳ. ಮೊಬೈಲಿನ್ಯಾಗ ಈ ರೆಕಾರ್ಡಿಂಗ್ ಎರಡು ಪಟ್ಟು ಜೋರ ಓಡಿಸಿ ಕೇಳಬ್ಯಾಡ ಮತ್ತ, ಅಜ್ಜನ ಮಾತೈತಿ.

ನಿನ್ನೆ ಗೋಕಾಕದಲ್ಲಿ ಒಂದು ಅಂಗಡಿಯ ಮುಂದೆ ಹೊಸ ರೇಸ್ ಸೈಕಲ್ ನೋಡಿದೆ. ಆಗಷ್ಟೇ ಡಬ್ಬಿಯಿಂದ ಬಿಚ್ಚಿ ನಿಲ್ಲಿಸಿದ್ದರು. ಎರಡು ಬೆರಳಿಗೆ ಎತ್ತಬಹುದು, ಅಷ್ಟು ಹಗುರ. ಸುಮ್ಮನೆ ಉಗುರಿನಿಂದ ತಟ್ಟಿದೆ. ಪ್ಲಾಸ್ಟಿಕ್ ಬಕೆಟ್ ತಟ್ಟಿದ ಹಾಗೆ ಸದ್ದು ಬಂತು. ಅಜ್ಜ ಕಟ್ಟಿದ ಉಕ್ಕಿನ ಫ್ರೇಮ್ ತಟ್ಟಿದರೆ ಎತ್ತಿನ ಕೊರಳ ಗಂಟೆಯಂತೆ ಎಷ್ಟೋ ಹೊತ್ತು ಗುಂಯ್‌ಗುಡುತ್ತಿತ್ತು.

ನಮ್ಮ ಅಜ್ಜ ಬಾಬಾಸಾಹೇಬ ಚೌಗಲೆಯ ಅಂಗಡಿ ಇದ್ದದ್ದು ಕಲ್ಲೋಳಿಯಲ್ಲಿ, ಮೂಡಲಗಿ ರಸ್ತೆಯ ಬಾಜೂ. ಹರೆಯದಲ್ಲಿ ಕೊಲ್ಹಾಪುರದ ಒಂದು ವರ್ಕ್‌ಶಾಪಿನಲ್ಲಿ ಗ್ಯಾಸಿನ ಬೆಂಕಿ ಹಿಡಿದು ಬೆಸೆಯುವುದನ್ನು ಕಲಿತು ಊರಿಗೆ ಮರಳಿದವರು. ಕಬ್ಬಿನ ಗಾಡಿ, ನೇಗಿಲು, ಕುಂಟೆ, ಇವುಗಳ ರಿಪೇರಿ ಹೊಟ್ಟೆಪಾಡಿಗೆ. ಸೈಕಲ್ ಫ್ರೇಮ್ ಮಾತ್ರ ಅವರ ಜೀವ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಊರೂರಿಗೂ ಸೈಕಲ್ ಓಟದ ಶರ್ಯತ್ತುಗಳು ನಡೆಯುತ್ತಿದ್ದವು. ಮೂಡಲಗಿ, ಹುಕ್ಕೇರಿ, ದಡ್ಡಿಯ ಹುಡುಗರೆಲ್ಲ ಅವರ ಅಂಗಡಿಯ ಬಾಗಿಲಲ್ಲೇ.

ಅಳತೆಗೆ ಅವರು ಟೇಪು ಮುಟ್ಟುತ್ತಿರಲಿಲ್ಲ. ಹುಡುಗನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕಾಲಿಗೊಂದು ಜೋಳದ ದಂಟು, ತೋಳಿಗೊಂದು ದಂಟು ಮುರಿದು ಇಟ್ಟುಕೊಳ್ಳುವರು. ಆ ದಂಟುಗಳಿಗೆ ತಕ್ಕಂತೆ ತೆಳು ಪೈಪು ಕತ್ತರಿಸಿ, ತುದಿಯನ್ನು ಕಾನಸು ಎನ್ನುವ ಅರದಿಂದ ಉಜ್ಜಿ ಉಜ್ಜಿ ಇನ್ನೊಂದು ಪೈಪಿಗೆ ಅಪ್ಪಿಕೊಳ್ಳುವಂತೆ ಮಾಡುವರು. ಜೋಡಿಸಿ ಬಿಸಿಲಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ನುಸುಳಿದರೆ ಮತ್ತೆ ಕಾನಸು. ಆಮೇಲೆ ಬೆಂಕಿ. ಕಾದ ಸಂದಿಗೆ ಹಿತ್ತಾಳೆಯ ಕಡ್ಡಿ ತಾಗಿಸಿದರೆ ಅದು ಪಾಕಕ್ಕೆ ಬಂದ ಬೆಲ್ಲದಂತೆ ಕರಗಿ ಸುತ್ತಲೂ ಹರಿದು ಕೂರುವುದು.

ಅಜ್ಜ ಕಟ್ಟಿದ ಸೈಕಲ್ ಓಡಿಸುತ್ತಿದ್ದ ದಡ್ಡಿಯ ಶಿದ್ರಾಮ ಅನ್ನುತ್ತಿದ್ದನಂತೆ: "ಬ್ಯಾರೆ ಸೈಕಲ್ ತಗ್ಗು ಬಂದ್ರ ಒದಿತೈತ್ರಿ. ಇದು ಎತ್ತಿ ಇಳಸತೈತಿ."

ಅಜ್ಜನದು ಒಂದೇ ಕಟ್ಟುನಿಟ್ಟು. ಹೊತ್ತು ಮುಳುಗಿದ ಮೇಲೆ ಬೆಂಕಿ ಹಚ್ಚುತ್ತಿರಲಿಲ್ಲ. ಸುತ್ತ ಕಬ್ಬು, ಕತ್ತಲಾದರೆ ಬೆಂಕಿಗೆ ಹುಳ ಬಂದು ಬೀಳುತ್ತವೆ. ಜೈನರ ಮನೆ ನಮ್ಮದು, ಊಟವೂ ಹಗಲಿನಲ್ಲೇ. ಭಾದ್ರಪದದ ಪರ್ವ ಬಂತೆಂದರೆ ಹತ್ತು ದಿನ ಅಂಗಡಿಯಲ್ಲಿ ಕಡ್ಡಿ ಕೂಡ ಗೀರುತ್ತಿರಲಿಲ್ಲ. ಮೊದಲ ದಿನ ನಿರಾಹಾರ ಉಪವಾಸ.

ತೊಂಬತ್ತೊಂಬತ್ತರಲ್ಲಿ ಘೋಡಗೇರಿಯ ಮಾಲಿಂಗ ತನ್ನ ತಂಗಿ ಯಲ್ಲಕ್ಕನನ್ನು ಕರೆತಂದ. ಕುರಿ ಕಾಯುವ ಮನೆಯ ಹುಡುಗಿ, ಅಣ್ಣನ ಸೈಕಲ್ ಹತ್ತಿ ಕುರಿಯ ಹಿಂದೆ ಓಡಾಡಿಯೇ ಕಾಲು ಗಟ್ಟಿ ಮಾಡಿಕೊಂಡವಳು. ಗೋಕಾಕದಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ಇತ್ತು. ಗೆದ್ದರೆ ಸಾಲೆ, ಊಟ, ತರಬೇತಿ ಎಲ್ಲ ಅಲ್ಲೇ. ಸೋತರೆ ಮರುವರ್ಷ ವಯಸ್ಸು ಮೀರುತ್ತದೆ. ಅಣ್ಣನ ಸೈಕಲ್ ಅವಳಿಗೆ ಕುದುರೆಯಷ್ಟು ಎತ್ತರ.

ಹೆಣ್ಣುಮಗಳ ಕಾಲು ಅಳೆಯಲು ಅಜ್ಜನಿಗೆ ಸಂಕೋಚ. ದಂಟು ಕೊಟ್ಟು ಮನೆಯ ಕಡೆ ಕಳಿಸಿದರು. ಅಳೆದವಳು ಅಜ್ಜಿ ಇಂದುಬಾಯಿ.

ಪರ್ವದ ಹಿಂದಿನ ದಿನ ಮಧ್ಯಾಹ್ನ ಅಣ್ಣ-ತಂಗಿ ಫ್ರೇಮ್ ಒಯ್ಯಲು ಬಂದರು. ಅಂಗಡಿಯಲ್ಲಿದ್ದ ಹಳೇ ಸೈಕಲ್ಲಿನ ಗಾಲಿ, ಹ್ಯಾಂಡಲ್ ಎಲ್ಲ ಜೋಡಿಸಿ ನಿಲ್ಲಿಸಿದರು. ಅಂಥ ಫ್ರೇಮ್ ಅಜ್ಜ ಹಿಂದೆ ಕಟ್ಟಿರಲಿಲ್ಲವಂತೆ, ಅಷ್ಟು ನಾಜೂಕು. ಯಲ್ಲಕ್ಕ ಸೈಕಲ್ ತುಳಿಯುವುದು ಬರಿಗಾಲಲ್ಲೇ; ಚಪ್ಪಲಿ ಬಿಚ್ಚಿಟ್ಟು, ಕಾಲು ದಾಟಿಸಿ ನಿಂತಳು. ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಕಾಕಾ, ತುದಿಬೆರಳಷ್ಟ ಹತ್ತತಾವು."

ಅಜ್ಜ ಬಾಗಿಲ ಬಳಿ ಬಿಚ್ಚಿಟ್ಟಿದ್ದ ಅವಳ ಕಾಲ್ಮರಿ ನೋಡಿದರು. ಕುರಿಗಾರರ ಚಪ್ಪಲಿ. ಜಾಲಿಮುಳ್ಳು ದಾಟಬಾರದೆಂದು ಟೈರಿನ ಮೇಲೆ ಟೈರು ಹೊಡೆದ ಅಟ್ಟೆ, ಎರಡು ಬೆರಳು ದಪ್ಪ. ಅಜ್ಜಿಯನ್ನು ಕೂಗಿದರು.

"ಅಳತಿ ತಗೊಳ್ಳೂ ಮುಂದ ಹುಡುಗಿ ಕಾಲಾಗ ಏನಿತ್ತ?"

"ಏನಿರತೈತ್ರಿ, ಕಾಲ್ಮರಿ ಇದ್ವು."

"ಬಿಚ್ಚಸಲಿಲ್ಲೇನ?"

"ಮನ್ಯಾಗ ಬಾ ಅಂದ್ರ ನಾಚಿಕೊಂಡು ಅಂಗಳದಾಗ ನಿಂತ್ಲು. ಕೆಸರಾಗ ಬರಿಗಾಲಿಲೆ ನಿಂದ್ರಸ್ಲೇನು? ಅಷ್ಟ ಕಾಳಜಿ ಇದ್ರ ನೀವ ಅಳಿಬೇಕಾಗಿತ್ತು."

"ನಾ ಹೆಂಗ ಅಳೀಲಿ?"

"ಹಂಗಾರ ಈಗ ನನ್ನ ಮಾರಿ ನೋಡಬ್ಯಾಡ್ರಿ."

ಮಾಲಿಂಗ ನಡುವೆ ಬಂದ. "ಇರ್ಲಿ ಬಿಡ್ರಿ ಕಾಕಾ. ನನ್ನ ಸೈಕಲ್ ಮ್ಯಾಲ ಹೋಗ್ತಾಳ."

"ನಿನ್ನ ಸೈಕಲ್ ಮ್ಯಾಲ ನೀ ಹೋಗು," ಎಂದಳು ಯಲ್ಲಕ್ಕ. "ನಡಾ ಮುರಿಯೂದು ನಂದು."

ಆಯ್ಕೆ ಇದ್ದದ್ದು ಬರುವ ಭಾನುವಾರ, ಪರ್ವದ ನಡುವೆ. ನಾಳೆಯಿಂದ ಬೆಂಕಿ ಇಲ್ಲ. ಬೇರೆ ಅಂಗಡಿಗೆ ಒಯ್ಯುವ ಹಾಗೂ ಇಲ್ಲ, ಕರೆಂಟಿನ ವೆಲ್ಡಿಂಗಿಗೆ ಆ ತೆಳು ಪೈಪು ತೂತು ಬೀಳುತ್ತದೆ. ಅಜ್ಜ ಬಿಸಿಲು ನೋಡಿದರು, ಫ್ರೇಮ್ ನೋಡಿದರು. ಗಾಲಿ ಬಿಚ್ಚತೊಡಗಿದರು.

ಹಿತ್ತಾಳೆಯ ಬೆಸುಗೆಯ ಸೊಗಸು ಅದೇ. ಕಾಯಿಸಿದರೆ ಕೂಡುತ್ತದೆ, ಮತ್ತೆ ಕಾಯಿಸಿದರೆ ಬಿಡುತ್ತದೆ. ಆದರೆ ತಾವೇ ಮೆಚ್ಚಿ ಕಟ್ಟಿದ್ದನ್ನು ತಾವೇ ಬಿಡಿಸಬೇಕಲ್ಲ. ಮೇಲಿನ ಪೈಪು ಎರಡೂ ತುದಿಗೆ ಬಿಚ್ಚಿತು, ಹಿಂದಿನ ತೆಳು ಕೋಲುಗಳು ಬಿಚ್ಚಿದವು. ಸೀಟಿನ ಪೈಪಿನಿಂದ ಎರಡು ಬೆರಳು ಕತ್ತರಿಸಿ ತೆಗೆದರು. ಮತ್ತೆ ಎಲ್ಲ ತುದಿಗೂ ಕಾನಸು. ಅವಸರವೆಂದು ಒಂದು ಸಂದನ್ನೂ ಹಾಗೇ ಬಿಡಲಿಲ್ಲ. ಇಳಿಬಿಸಿಲಿಗೆ ಹಿಡಿದು ಹಿಡಿದು ನೋಡಿದರು.

ಒಂದೊಂದೇ ಕೂಡುತ್ತ ಬರುವಾಗ ಬಿಸಿಲು ಕೆಂಪಾಯಿತು. ಅಜ್ಜಿ ತಾಟು ಹಿಡಿದು ಅಂಗಡಿಗೇ ಬಂದಳು. ರೊಟ್ಟಿ, ಹೆಸರುಕಾಳಿನ ಪಲ್ಯ.

"ಏಳ್ರಿ. ನಾಳಿ ಉಪವಾಸ ಐತಿ. ಈಗ ಉಂಡ್ರ ಉಂಡ್ರಿ, ಇಲ್ಲಂದ್ರ ನಾಡಿದ್ದ ಊಟ."

"ಇನ್ನೊಂದ ಸಂದ ಉಳದೈತಿ."

"ಹೊಟ್ಟಿಗೂ ಒಂದೀಟು ಹಿತ್ತಾಳಿ ಕರಗಿಸಿ ಹಾಕ್ಕೊಳ್ರಿ ಹಂಗಾರ."

ಮಾಲಿಂಗ ಹತ್ತಿರ ಸರಿದ. "ನೀವು ಉಣ್ಣಹೋಗ್ರಿ ಕಾಕಾ. ಕತ್ತಲಾದ ಮ್ಯಾಲ ಬೆಂಕಿ ನಾ ಹಿಡಿತೇನಿ, ನೀವು ಹೇಳ್ರಿ ಸಾಕು. ಪಾಪ ನನಗ ಹತ್ಲಿ."

"ಹೇಳಿ ಮಾಡಿಸಿದ್ರೂ ಹತ್ತೂದು ನನಗ. ನಿನಗ ಬರೀ ಕೈ ಸುಟ್ಟಿದ್ದು ಸಿಗತೈತಿ."

ಸೂರ್ಯ ಕಬ್ಬಿನ ಗರಿ ಮುಟ್ಟಿದ್ದ. ತಾಟಿಗೆ ಕೂತರೆ ಸಂದು ಉಳಿಯುತ್ತದೆ, ಸಂದಿಗೆ ಕೂತರೆ ತಾಟು. ಅಜ್ಜ ಕೈ ಒರೆಸಿಕೊಂಡರು. ಅಜ್ಜಿ ಕೈತೊಳೆಯಲು ತಂಬಿಗೆ ಮುಂದೆ ಹಿಡಿದಳು.

"ತಾಟ ಒಳಗ ಒಯ್ಯಿ," ಎಂದು ಅಜ್ಜ ಬೆಂಕಿ ದೊಡ್ಡದು ಮಾಡಿದರು.

ಹಿತ್ತಾಳೆ ಹರಿದು ಸುತ್ತ ಕೂತಿತು. ಗ್ಯಾಸಿನ ಕಿವಿ ತಿರುವಿ ಬಂದ್ ಮಾಡಿದಾಗ ಹೊರಗೆ ಇನ್ನೂ ಕೆಂಪಿತ್ತು. ನೀರು ಚಿಮುಕಿಸಿ ಆರಿಸಲು ಬಿಡಲಿಲ್ಲ, ಉಕ್ಕು ಪೆಡಸಾಗುತ್ತದೆ. ತಾನಾಗಿ ಆರುವವರೆಗೆ ಎಲ್ಲರೂ ಕಾಯುತ್ತ ಕೂತರು. ಅಷ್ಟರಲ್ಲಿ ಹೊತ್ತು ಮುಳುಗಿತು. ಅಜ್ಜಿ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಒಳಗೆ ಹೋದಳು.

ಗಾಲಿ, ಹ್ಯಾಂಡಲ್ ಮತ್ತೆ ಜೋಡಿಸಿದ ಮೇಲೆ ಯಲ್ಲಕ್ಕ ಬರಿಗಾಲಲ್ಲಿ ದಾಟಿ ನಿಂತಳು. ಎರಡೂ ಹಿಮ್ಮಡಿ ನೆಲಕ್ಕೆ. ಹತ್ತಿ ಕಲ್ಲೋಳಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದಳು.

"ಕಾಕಾ, ಇದು ನನ್ನ ಮಾತ ಕೇಳತೈತಿ."

"ಹಂಗಾರ ಅದರ ಕೂಡ ಭಾಳ ಮಾತಾಡಬ್ಯಾಡ. ತುಳಿ."

ಬಣ್ಣ ಹಚ್ಚಲು ಹೊತ್ತಿರಲಿಲ್ಲ, ಮಳೆಗಾಲ ಬೇರೆ. ಬರಿ ಉಕ್ಕಿಗೆ ತುಕ್ಕು ಹಿಡಿಯಬಾರದೆಂದು ಅಜ್ಜ ಕುಸುಬೆ ಎಣ್ಣೆ ಕೇಳಿದರು. "ಒಗ್ಗರಣಿ ಎಣ್ಣಿ ಈಗ ಸೈಕಲ್ಲಿಗೂ ಬೇಕೇನು," ಎನ್ನುತ್ತಲೇ ಅಜ್ಜಿ ವಾಟಿ ತುಂಬ ತಂದುಕೊಟ್ಟಳು. ಅರಿವೆ ಅದ್ದಿ ಅಜ್ಜ ಇಡೀ ಫ್ರೇಮ್ ಒರೆಸಿದರು, ಬೆಂಕಿಗೆ ನೀಲಿಗಟ್ಟಿದ ಸಂದುಗಳನ್ನು ಎರಡೆರಡು ಸಲ. ಅಣ್ಣ ಮುಂದೆ, ತಂಗಿ ಹಿಂದೆ, ಘೋಡಗೇರಿಯ ದಾರಿ ಹಿಡಿದರು. ಅವರು ತಿರುವು ದಾಟುವವರೆಗೂ ಅಜ್ಜ ರಸ್ತೆಯಲ್ಲೇ ನಿಂತಿದ್ದರಂತೆ.

ಆಮೇಲೆ ಅಂಗಡಿಗೆ ಕೀಲಿ ಹಾಕಿ, ಮನೆಯ ಕಟ್ಟೆಯ ಮೇಲೆ ಕೂತು, ವಾಟಿಯ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಒಡೆದ ಹಿಮ್ಮಡಿಗಳಿಗೆ ತಿಕ್ಕಿಕೊಂಡು, ಚಾದರ ಎಳೆದುಕೊಂಡು ಮಲಗಿದರು.