ಒಂದೇ ಕಿಕ್‌ಗೆ ಎದ್ದ ಬಸಣ್ಣನ ಬೈಕು

"ಬಸಣ್ಣ!" ಎಂದು ಹೆಸರು ಕರೆದಾಯಿತು, ಬಸಣ್ಣನ ಬೈಕು ಮಾತ್ರ ಉಸಿರೆತ್ತಲಿಲ್ಲ. ರಾಣೆಬೆನ್ನೂರಿನ ನಮ್ಮ ಬೈಕ್ ಸಂಘದಲ್ಲಿ ತೀರಿಕೊಂಡ ಗೆಳೆಯರಿಗೆ ಮೌನಾಚರಣೆ ಇಲ್ಲ. ವರ್ಷಕ್ಕೊಮ್ಮೆ ಹೆಸರು ಕರೆದ ಕೂಡಲೇ ಅವರವರ ಬೈಕೇ ಗುಡುಗಬೇಕು. ಐದು ಜನ ಸರದಿಯಲ್ಲಿ ಒದ್ದು ಬೆವೆತೆವು.

ಮುಂದೆ ಕುಳಿತಿದ್ದ ಬಸಣ್ಣನ ಹೆಂಡತಿ ಗಂಗಕ್ಕ ಸೆರಗು ಸಿಕ್ಕಿಸಿ ಎದ್ದು ಬಂದರು. "ಸರೀರಿ ಅತ್ತಾಗ. ಮೂವತ್ತ ವರ್ಷ ದಿನಾ ಮುಂಜಾನೆ ಅಡಗಿಮನಿ ಕಿಟಕ್ಯಾಗಿಂದ ನೋಡೇನಿ." ಬೈಕನ್ನು ಎಡಕ್ಕೆ ವಾಲಿಸಿದರು, ಟ್ಯಾಂಕಿಗೆ ಎರಡು ಏಟು ಹಾಕಿದರು. "ಏಳೋ ಮುದುಕಾ, ಬ್ಯಾಡಗಿ ಪ್ಯಾಟಿಗೆ ಹೊತ್ತಾತು!" ಎಂದು ಥೇಟ್ ಗಂಡನ ಹಾಗೆಯೇ ಗದರಿ, ನನ್ನತ್ತ ತಿರುಗಿ "ಈಗ ಒದಿಯಪ್ಪಾ" ಎಂದರು. ಒಂದೇ ಕಿಕ್! ಬೈಕು ಗುಡುಗಿತು. ನಾವು ಶಿಳ್ಳೆ ಹೊಡೆದು ಕುಣಿದೆವು. ಗಂಗಕ್ಕ ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಮನೆಗೆ ಬಂದವನೇ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ನನ್ನ ಬೈಕು ಹೇಗೆ ಚಾಲೂ ಆಗುತ್ತದೆಂದು ಕೇಳಿದೆ. "ಚೋಕ್ ಎಳೀತೀರಿ, ಒಮ್ಮೆ ಕೆಮ್ಮತೀರಿ, ಎರಡ ಸಲ ಬೈತೀರಿ, ಮೂರನೇ ಕಿಕ್ಕಿಗೆ ಏಳತೈತಿ" ಎಂದಳು, ತಲೆಯನ್ನೂ ಎತ್ತದೆ. ನನ್ನ ಹೆಸರು ಕರೆಯುವ ದಿನದ ಚಿಂತೆ ಅಲ್ಲಿಗೆ ಮುಗಿಯಿತು.