ಬೆಂಚಿಗಾಗಿ ಓಟ

ತೊಂಬತ್ತೊಂಬತ್ತರಲ್ಲಿ, ಭದ್ರಾವತಿಯ ಕಾಗದನಗರದ ಮೈದಾನದಲ್ಲಿ ಬಸವರಾಜೇಶ್ವರಿ ಬೆಳಗಾದರೆ ಏಳು ವರ್ಷದ ಮಗ ಮಲ್ಲಿಕ್‌ನನ್ನು ಓಡಿಸುತ್ತಿದ್ದಳು. ಅವನು ನಿಂತರೆ ಸೆರಗು ಸಿಕ್ಕಿಸಿ ತಾನೇ ಬೆನ್ನಟ್ಟುತ್ತಿದ್ದಳು. ಮಗನನ್ನು ಓಟಗಾರನನ್ನಾಗಿ ಮಾಡುವ ಹುಚ್ಚು ಹಿಡಿದಿದೆ ಎಂದು ಬೀದಿ ನಂಬಿತ್ತು. ಇದನ್ನು ಬರೆಯುತ್ತಿರುವವನೂ ನಂಬಿದ್ದ. ಕ್ರೀಡಾ ಸಂಘದ ಕಾರ್ಯದರ್ಶಿ, ಜನ್ಮದಲ್ಲಿ ಬಸ್ಸಿಗೂ ಓಡದ ಮುರುಗೇಶಪ್ಪನವರಂತೂ ಕಟ್ಟೆಯ ಮೇಲೆ ಕೂತು, "ಮೊಣಕಾಲು ಮೇಲೆತ್ತು ಮರಿ" ಎಂದು ತರಬೇತಿಯನ್ನೇ ಶುರು ಮಾಡಿದರು.

ಅವಳು ಓಡಿಸುತ್ತಿದ್ದದ್ದು ಅವನು ಕೂರಲಿ ಎಂದು.

ಮಲ್ಲಿಕ್ ತರಗತಿಯಲ್ಲಿ ಕೂರುತ್ತಿರಲಿಲ್ಲ. ಲೆಕ್ಕ ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋಗುತ್ತಿದ್ದ, ಅಲ್ಲಿಂದ ಪಕ್ಕದವನ ಬುತ್ತಿಗೆ. ಕಾನ್ವೆಂಟಿನವರು ಬೆಲ್ಟಿನಲ್ಲಿ ಹೊಡೆದು ನೋಡಿದರು. ಆಮೇಲೆ ಅವನದೇ ಟೈಯಿಂದ ಬೆಂಚಿಗೆ ಕಟ್ಟಿದರು. ಬೆಂಚೂ ಅವನ ಜೊತೆ ಬಾಗಿಲವರೆಗೆ ಬಂತು.

ಶಿವಮೊಗ್ಗದ ಸವಳಂಗ ರಸ್ತೆಯ ಡಾಕ್ಟರು, "ಹಠ ಅಲ್ಲಮ್ಮ ಇದು. ಗಮನ ನಿಲ್ಲದ ತೊಂದರೆ, ಹೊಡೆದ್ರೆ ಹೋಗಲ್ಲ" ಎಂದು ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದೂ ಕೊಟ್ಟರು. ಕಾನ್ವೆಂಟಿನ ಹೆಡ್‌ಮಾಸ್ಟರ್ ಷಡಕ್ಷರಪ್ಪನವರು ಆ ಚೀಟಿಯನ್ನು ಅಂಟುರೋಗ ಇದ್ದಂತೆ ದೂರ ಹಿಡಿದು ಓದಿದರು.

"ಇವೆಲ್ಲ ಅಮೆರಿಕದ ಕಾಯಿಲೆ ತಾಯಿ. ಭದ್ರಾವತಿಗೆ ಇನ್ನೂ ಬಂದಿಲ್ಲ. ಮುಂದಿನ ವಾರ ಇನ್‌ಸ್ಪೆಕ್ಷನ್. ಅವತ್ತು ಎದ್ದನೋ, ಟಿ.ಸಿ. ತಗೊಂಡು ಹೋಗ್ತಾ ಇರಿ."

ಊರಿನ ಉಳಿದ ಶಾಲೆಗಳು ಆಗಲೇ ಕೈಮುಗಿದಿದ್ದವು. ಗಂಡ ಜ್ಞಾನೇಶ ಶಿಫ್ಟ್ ಮುಗಿಸಿ ಬಂದವನು, "ಎಲ್ಲಾ ನಿನ್ನ ಮುದ್ದಿಂದ" ಎಂದು ಗೋಡೆ ಕಡೆ ತಿರುಗಿ ಮಲಗಿದ. ಆಗ ಅವಳಿಗೆ ಗಾಜನೂರಿನ ತವರು ನೆನಪಾಯಿತು. ಅಲ್ಲಿ ಹೊಸ ಹೋರಿಯನ್ನು ನೊಗಕ್ಕೆ ಕಟ್ಟುವ ಮೊದಲು ಓಡಿಸಿ ಓಡಿಸಿ ದಣಿಸುತ್ತಿದ್ದರು.

ಇನ್‌ಸ್ಪೆಕ್ಷನ್ ದಿನ ಬೆಳಕು ಹರಿಯುವ ಮುಂಚೆಯೇ ಶುರು ಮಾಡಿದಳು. ಹುಡುಗ ವಾಂತಿ ಮಾಡಿಕೊಂಡ. ಸೆರಗಿನಿಂದ ಬಾಯಿ ಒರೆಸಿ ಮತ್ತೆ ಓಡಿಸಿದಳು. ಅವತ್ತು ಅವನು ಎಷ್ಟು ಚೆನ್ನಾಗಿ ಕೂತನೆಂದರೆ, ಸಾಹೇಬರು ಎದುರಿಗೇ ನಿಂತು ಹೆಸರು ಕೇಳಿದರೂ ಅಲುಗಲಿಲ್ಲ. ಬೆಂಚಿಗೆ ಕೆನ್ನೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

"ಎದ್ದಿಲ್ವಲ್ಲ ಸಾರ್," ಎಂದಳು ಬಸವರಾಜೇಶ್ವರಿ.

"ಏಳಲೇ ಇಲ್ಲ," ಎಂದು ಷಡಕ್ಷರಪ್ಪನವರು ಟಿ.ಸಿ.ಗೆ ಸಹಿ ಹಾಕಿದರು.

ಮೈದಾನ ಖಾಲಿ ಬಿದ್ದದ್ದು ಕಂಡು ಮುರುಗೇಶಪ್ಪನವರು ಮನೆಗೇ ಬಂದರು. ಒಳಗೆ ಮಲ್ಲಿಕ್ ಮಂಚದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮಂಚಕ್ಕೆ ಹಾರುತ್ತಿದ್ದ.

"ಏನಮ್ಮ, ಓಟ ನಿಲ್ಸೇಬಿಟ್ರಿ? ನಮ್ಮ ಕಾಲೋನಿಗೊಂದು ಮೆಡಲ್ ಬರ್ತಿತ್ತು. ಹುಡುಗನ ಭವಿಷ್ಯ ನೋಡೋದು ಬೇಡ್ವಾ?"

"ಕೂರ್ಸೋಕೆ ಬೆಂಚಿಲ್ಲ. ದಣಿಸಿ ಏನ್ಮಾಡ್ಲಿ?"