ಮಾನಿಟರ್ ಮೇಲಿನ ಕೆಂಪು ಟವೆಲ್

ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬಂದವಳು ಮೆತ್ತನೆಯ ಬಟ್ಟೆ ಬೇಕೆಂದು ಮಗಳ ಕೈಲಿ ಹಳೇ ಟ್ರಂಕು ತೆಗೆಸಿದೆ. ನುಸಿಗುಳಿಗೆಯ ಘಾಟಿನ ಜೊತೆ ಕೈಗೆ ಬಂದದ್ದು ಒಂದು ಕೆಂಪು ಚೌಕಳಿ ಟವೆಲ್ಲು. ಅಂಚು ಹಿಂಜಿಹೋಗಿದೆ, ಒಂದು ಮೂಲೆಯಲ್ಲಿ ಟೈಪ್‌ರೈಟರ್ ರಿಬ್ಬನ್ನಿನ ಮಸಿ ಇನ್ನೂ ಇದೆ. ಮುಟ್ಟಿದ್ದೇ ತಡ, ಮಧುಗಿರಿಯ ನಮ್ಮ ಟೈಪಿಂಗ್ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತಂತಾಯಿತು...

ಅದು ಎಂಬತ್ತರ ದಶಕದ ಕೊನೆ. ಮೇಷ್ಟ್ರು ಪಾವಗಡದ ಕಡೆಯವರು, ಮನೆಮಾತು ತೆಲುಗು. ಟೈಪ್ ಕಲಿಸುವಾಗ ಕೀಲಿಗಳ ಮೇಲೆ ಈ ಟವೆಲ್ ಹೊದಿಸಿಬಿಡುತ್ತಿದ್ದರು, ಬೆರಳೇ ದಾರಿ ಹುಡುಕಿಕೊಳ್ಳಬೇಕು ಅಂತ. ಊರಲ್ಲಿ ಕಂಪ್ಯೂಟರ್ ಅಂದರೇನು ಅಂತ ಜನ ಕೇಳುತ್ತಿದ್ದಾಗಲೇ ಬೆಂಗಳೂರಿನಿಂದ ಒಂದು ಮಿಷನ್ ತಂದು ಕೂರಿಸಿದ್ದರು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ನಾನು ಅಲ್ಲಿ ಕಲಿತು ಅಲ್ಲೇ ಕಲಿಸುವವಳಾಗಿದ್ದೆ. ಧಿಮಾಕಿಗೇನೂ ಕಡಿಮೆ ಇರಲಿಲ್ಲ ನನಗೆ.

ವೈ.ಎನ್.ಹೊಸಕೋಟೆಯಲ್ಲಿ ಒಂದು ಕಣ್ಣಿನ ಶಿಬಿರ ನಡೆಯಿತು. ಆಪರೇಷನ್ ಆದವರಲ್ಲಿ ಯಾರಿಗೆ ಯಾವ ನಂಬರಿನ ಕನ್ನಡಕ ಎಂದು ಬರೆದ ಚೀಟಿಗಳನ್ನು ಆ ಊರಿನ ಡಾಕ್ಟರು ನಮಗೆ ಕಳಿಸಿದರು, ಪಟ್ಟಿ ಮಾಡಿಕೊಡಿ ಅಂತ. ಎಲ್ಲವನ್ನೂ ಹೊಡೆದು ಫ್ಲಾಪಿಗೆ ಹಾಕಿದೆ. ಆಮೇಲೆ ನೋಡಿ ನನ್ನ ಜಾಣತನ. ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಕಾಗದ ಯಾಕೆ ಎಂದು ಚೀಟಿಗಳನ್ನೆಲ್ಲ ಬಸ್‌ಸ್ಟ್ಯಾಂಡಿನ ಕಡಲೇಕಾಯಿ ಅಜ್ಜಿಗೆ ಪೊಟ್ಟಣ ಕಟ್ಟೋಕೆ ಕೊಟ್ಟುಬಿಟ್ಟೆ. ಅವೆಲ್ಲ ಪೊಟ್ಟಣವಾಗಿ ಖರ್ಚಾದ ಮೇಲೆ, ಸೋಮವಾರ ಕರೆಂಟು ಏರಿಳಿದು ಮಿಷನ್ ಸುಟ್ಟುಹೋಯಿತು.

ಅದೇ ತಿಂಗಳು ಬಂದಿದ್ದ ಹೊಸ ಮಿಷನ್ ಪಕ್ಕದಲ್ಲೇ ಇತ್ತು. ಆದರೆ ಅದನ್ನು ನಡೆಸುವ ವ್ಯವಸ್ಥೆಯೇ ಬೇರೆ, ಹಳೆಯದರ ಫ್ಲಾಪಿಯ ಗುರುತೇ ಅದಕ್ಕೆ ಹತ್ತಲಿಲ್ಲ. ಶುಕ್ರವಾರದೊಳಗೆ ಪಟ್ಟಿ ಬೆಂಗಳೂರು ಸೇರದಿದ್ದರೆ ಕನ್ನಡಕ ಇಲ್ಲ, ಮತ್ತೆ ಕಣ್ಣಿನ ಅಳತೆ ತೆಗೆಯಲು ಶಿಬಿರದ ಕಣ್ಣಿನ ಡಾಕ್ಟರು ಹೊರಗಿನಿಂದ ಬರುವುದು ಮುಂದಿನ ವರ್ಷವೇ. ಅಷ್ಟು ಜನ ನನ್ನಿಂದ ಒಂದು ವರ್ಷ ತಡಕಾಡಬೇಕಲ್ಲ ಎಂದು ಸಂಕಟವಾಗಿ, ಕೂತಲ್ಲೇ ಅತ್ತೆ.

ಮೇಷ್ಟ್ರು ಬೈಯಲಿಲ್ಲ. ಚೀಟಿ ಕಳಿಸಿದ್ದ ಡಾಕ್ಟರು ಬಂದು ರೇಗಾಡಿದಾಗ ಅವನ್ನು ಅಜ್ಜಿಗೆ ಕೊಟ್ಟವರು ತಾವೇ ಎಂದು ಒಪ್ಪಿಕೊಂಡುಬಿಟ್ಟರು. ಆಮೇಲೆ ಬೆಂಗಳೂರಿಗೆ ಹೋಗಿ ಯಾರೋ ಪರಿಚಯದವರಿಂದ ಒಂದು ಪ್ರೋಗ್ರಾಮ್ ತಂದರು. ಅದು ಹಳೇ ಫ್ಲಾಪಿ ಓದುತ್ತದಂತೆ, ಹೊಸ ಮಿಷನ್ನಿನೊಳಗೇ ಹಳೇ ಮಿಷನ್ನಿನ ವೇಷ ಕಟ್ಟುತ್ತದಂತೆ. ಹಳೇ ವ್ಯವಸ್ಥೆ ತನ್ನ ಮನೆಯಲ್ಲೇ ಇದ್ದೀನಿ ಅಂದುಕೊಂಡು ಕೆಲಸ ಮಾಡುತ್ತದಂತೆ. ನನಗೆ ನಂಬಿಕೆ ಬರಲಿಲ್ಲ. ಒಂದರೊಳಗೆ ಇನ್ನೊಂದು ಹೆಂಗೆ ಸಾರ್ ಎಂದೆ.

"ನನ್ನೊಳಗೆ ತೆಲುಗು ಓಡ್ತಾ ಇಲ್ವೇನಮ್ಮ? ನಿಂಗೆ ಕೇಳ್ಸೋದು ಕನ್ನಡ. ತಲೆ ಒಂದೇ ಕಣಮ್ಮ," ಅಂದರು.

ತೊಂದರೆ ಅಂದರೆ, ಒಳಗಿನ ಹಳೆಯದೂ ಹೊರಗಿನ ಹೊಸದೂ ಪರದೆಯ ಮೇಲೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತಿದ್ದವು. ಎಲ್ಲಿದ್ದೀವಿ ಅನ್ನೋದು ಮರೆತು ಏನಾದರೂ ಒತ್ತಿದರೆ ಫ್ಲಾಪಿಯೇ ಅಳಿಸಿಹೋಗಬಹುದು. ಅದಕ್ಕೆ ಮೇಷ್ಟ್ರು ಒಂದು ಪದ್ಧತಿ ಮಾಡಿದರು. ಹಳೆಯದರೊಳಗೆ ಹೋದಾಗ ಟವೆಲನ್ನು ಮಾನಿಟರ್ ತಲೆಗೆ ಹಾಕೋದು, ಹೊರಗೆ ಬಂದಾಗ ತೆಗೆಯೋದು. ಒಂದೊಂದು ಸಾಲು ಹೊಡೆಯುವ ಮೊದಲೂ ಕೈ ಚಾಚಿ ಟವೆಲ್ ಮುಟ್ಟಿ ನೋಡುತ್ತಿದ್ದರು. ಪರದೆಯಲ್ಲಿ ಬಂದದ್ದನ್ನೆಲ್ಲ ನನ್ನಿಂದಲೇ ಓದಿಸುತ್ತಿದ್ದರು. ಮೂಗಿನ ಮುಂದೇ ಇದೆ, ತಾವೇ ಓದಿಕೊಳ್ಳಬಾರದಾ ಎಂದು ಒಳಗೊಳಗೇ ಗೊಣಗಿಕೊಂಡೆ. ನನಗೆ ಬುದ್ಧಿ ಕಲಿಸೋಕೆ ಹಿಂಗೆ ಮಾಡ್ತಿದಾರೆ ಅಂದುಕೊಂಡಿದ್ದೆ.

ಗುರುವಾರ ಮಧ್ಯಾಹ್ನ ಪರದೆ ಒಂದು ಗಳಿಗೆ ಕಪ್ಪಾಯಿತು... ಆಮೇಲೆ ನಾನೇ ಹೊಡೆದಿದ್ದ ಹೆಸರುಗಳು ಸಾಲಾಗಿ ಬಂದವು. ನಾನು ಪರದೆಗೇ ಕಣ್ಣು ನೆಟ್ಟು ಕೂತೆ.

"ಬಂತೇನಮ್ಮ?" ಅಂದರು. ಬಂತು ಸಾರ್ ಅಂದೆ.

"ಅಂಗಾದ್ರೆ ಓದು. ಒಬ್ರನ್ನೂ ಬಿಡ್ಬೇಡ."

ಅಷ್ಟೂ ಜನರ ಹೆಸರು, ನಂಬರು ಓದಿದೆ. ಅವರು ಟವೆಲ್ ಮೇಲೆ ಕೈ ಇಟ್ಟುಕೊಂಡು ಕೇಳುತ್ತಾ ಕೂತಿದ್ದರು. ಮರುದಿನ ಬೆಳಗ್ಗೆ ಕೊರಟಗೆರೆ ಮೇಲೆ ಹೋಗುವ ಬಸ್ಸಿನಲ್ಲಿ ಪಟ್ಟಿ ಬೆಂಗಳೂರಿಗೆ ಹೋಯಿತು. ಎಲ್ಲರಿಗೂ ಕನ್ನಡಕ ಬಂತು.

ಮೇಷ್ಟ್ರು ತೀರಿಕೊಂಡಾಗ ನಾನು ಮದುವೆಯಾಗಿ ಬೇರೆ ಊರಲ್ಲಿದ್ದೆ. ಮಾತಾಡಿಸಲು ಹೋದಾಗ ಅವರ ಹೆಂಡತಿ ಈ ಟವೆಲ್ಲನ್ನು ನನ್ನ ಕೈಗಿಟ್ಟರು. "ನೀನು ಅಲ್ಲಿ ಕಲಿಸ್ತಿದ್ದಾಗ್ಲೇ ಅವ್ರಿಗೆ ಕಣ್ಣು ಮಂಜು ಕಣಮ್ಮ. ಕಣ್ಣಿಲ್ಲದ ಮೇಷ್ಟ್ರತ್ರ ಯಾರ್ ಕಲಿಯಾಕ್ ಬತ್ತಾರೆ ಅಂತ ಯಾರ್ಗೂ ಹೇಳ್ಲಿಲ್ಲ," ಅಂದರು. ಕೊನೆಗೆ ತೋರಿಸಿಕೊಂಡಾಗ ಕೈ ಮೀರಿತ್ತಂತೆ. ಕಡೆಯ ವರ್ಷಗಳನ್ನು ಪೂರ್ತಿ ಕತ್ತಲಲ್ಲೇ ಕಳೆದರಂತೆ.

ಆ ಕೆಲಸವನ್ನೆಲ್ಲ ಅವರು ಬೆರಳಲ್ಲಿ ಮಾಡಿದ್ದರು. ನಾನು ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆ, ಪರದೆ ನೋಡಿದೆ, ಅವರ ಮುಖ ನೋಡಲಿಲ್ಲ. ಅಷ್ಟು ಹೆಸರು ಗಟ್ಟಿಯಾಗಿ ಓದಿದೆನಲ್ಲ, ಅದರಲ್ಲಿ ಅವರದೂ ಇರಬೇಕಿತ್ತು...

ಈಗ ನನಗೆ ಟವೆಲ್ಲಿನ ಎಳೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿದೆ. ಮಗಳು ಇದನ್ನು ಹರಿದು ತುಂಡು ಮಾಡಲಾ ಎಂದು ಕೇಳಿದಳು. ಬೇಡ ಅಂದೆ. ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ಕೈ ಚಾಚಿದರೆ ಸಿಗುವ ಹಾಗೆ.